ಗಣಕ ಕೋಷ್ಟಕಗಳಲ್ಲಿ ದಿನಾಂಕದ ಪಲ್ಲಟ

ಕಾಲನಿರ್ಣಯವು ಚರಿತ್ರೆ ಮತ್ತು ಸಾಹಿತ್ಯ ಚರಿತ್ರೆಗಳೆರಡಕ್ಕೂ ಅಡಿಗಲ್ಲು. ಶಾಸನಗಳ ಪಟ್ಟಿ, ಕವಿಗಳ ಜನನ-ಮರಣ, ಗ್ರಂಥಗಳ ಪ್ರಕಟಣ ವರ್ಷ ಮೊದಲಾದವು ಈಗ ಗಣಕದ ಕೋಷ್ಟಕಗಳಲ್ಲಿ ಸಂಗ್ರಹವಾಗುತ್ತಿವೆ. ಒಂದು ಗಣಕದಲ್ಲಿ ಸರಿಯಾಗಿದ್ದ ದಿನಾಂಕ ಮತ್ತೊಂದಕ್ಕೆ ಸಾಗಿದಾಗ ಬೇರೆಯಾಗುವುದುಂಟು. ಲಿಪಿಕಾರನ ಸ್ಖಾಲಿತ್ಯವನ್ನು ಪಾಠಾಂತರಗಳಿಂದ ಪತ್ತೆಹಚ್ಚಬಹುದು. ಗಣಕದ ಸ್ಖಾಲಿತ್ಯ ಅಂಥ ಗುರುತನ್ನೂ ಉಳಿಸುವುದಿಲ್ಲ.

ಎಕ್ಸೆಲ್ ತಂತ್ರಾಂಶವು ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದೆಂದು ಹಿಡಿದು ದಿನಗಳನ್ನು ಎಣಿಸಿ, ಆ ಸಂಖ್ಯೆಯನ್ನಷ್ಟೇ ಇಡುತ್ತದೆ. ಈ ಎಣಿಕೆಯಲ್ಲಿ 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಗಣಿಸಲಾಗಿದೆ; ಲೋಟಸ್ 1-2-3 ತಂತ್ರಾಂಶದಲ್ಲಿದ್ದ ದೋಷವನ್ನು ಹೊಂದಾಣಿಕೆಗಾಗಿ ಬೇಕೆಂದೇ ಉಳಿಸಿಕೊಂಡದ್ದು. ಮ್ಯಾಕಿಂಟಾಷ್ ಗಣಕಗಳ ಹಳೆಯ ಎಕ್ಸೆಲ್ ಆವೃತ್ತಿಗಳಾದರೋ 1904ರ ಜನವರಿ 1ನ್ನು ಸೊನ್ನೆಯೆಂದು ಎಣಿಸುತ್ತಿದ್ದವು. ಎರಡರ ಅಂತರ 1462 ದಿನ. ಮೈಸೂರು ರಾಜ್ಯ ಏಕೀಕರಣಗೊಂಡ 1956ರ ನವೆಂಬರ್ 1 ಮೊದಲ ಪದ್ಧತಿಯಲ್ಲಿ 20760. ಆ ಸಂಖ್ಯೆಯನ್ನು ಎರಡನೆಯ ಪದ್ಧತಿಯ ಕಡತಕ್ಕೆ ನಕಲಿಸಿದರೆ ಅದು 1960ರ ನವೆಂಬರ್ 2 ಆಗುತ್ತದೆ. ಕಡತವನ್ನು ಇಡಿಯಾಗಿ ತೆರೆದಾಗ ಈ ದೋಷ ತೋರದು. ಒಂದರಿಂದ ಇನ್ನೊಂದಕ್ಕೆ ಸಾಲುಗಳನ್ನು ನಕಲಿಸುವಾಗಲೇ ನುಸುಳುತ್ತದೆ.

1900ಕ್ಕೆ ಹಿಂದಿನ ದಿನಗಳನ್ನು ಎಕ್ಸೆಲ್ ದಿನಾಂಕವೆಂದೇ ಒಪ್ಪುವುದಿಲ್ಲ, ಬರಿಯ ಅಕ್ಷರವೆಂದು ಭಾವಿಸುತ್ತದೆ. ಏರುಕ್ರಮದಲ್ಲಿ ಜೋಡಿಸಿದಾಗ ಅದು ಸಂಖ್ಯೆಗಳನ್ನು ಮೊದಲಿಟ್ಟು ಅಕ್ಷರಗಳನ್ನು ಕೊನೆಗೆ ತಳ್ಳುವುದರಿಂದ, 31-01-1896ರಂದು ಜನಿಸಿದ ಬೇಂದ್ರೆಯವರು 29-12-1904ರಂದು ಜನಿಸಿದ ಕುವೆಂಪು ಅವರ ನಂತರ ಬರುತ್ತಾರೆ. ಕುವೆಂಪು ಅವರ ವರ್ಷವನ್ನು 04 ಎಂದಷ್ಟೇ ಬರೆದರೆ ಅವರು 2004ಕ್ಕೆ ಸೇರುತ್ತಾರೆ.

ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರದ ಆಸುಪಾಸಿನ ಚರಿತ್ರೆಯನ್ನು ಕಾಲಾನುಕ್ರಮದಲ್ಲಿ ಜೋಡಿಸುವವರಿಗೆ ತೊಡಕು ಇನ್ನೂ ಹೆಚ್ಚು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ. ದಿನಾಂಕಕ್ಕೆಂದು ಮೀಸಲಾದ ಅಂಕಣದಲ್ಲಿ ಈ ವರ್ಷಗಳನ್ನಷ್ಟೇ ನಮೂದಿಸಿದರೆ ಗಣಕ ಅವನ್ನು ದಿನಗಳ ಎಣಿಕೆಯೆಂದೇ ಓದುತ್ತದೆ. ಆಗ ವೀರಗಲ್ಲು 1902ರ ಜನವರಿ 19ಕ್ಕೂ, ಕಾರ್ಖಾನೆ 1905ರ ಮೇ 7ಕ್ಕೂ ಹೋಗಿ ನಿಲ್ಲುತ್ತವೆ. ವೀರಗಲ್ಲಿನ ತಪ್ಪು ಯಾರ ಕಣ್ಣಿಗಾದರೂ ಬಿದ್ದೀತು. ಕಾರ್ಖಾನೆಯದು ಬೀಳುವ ಖಾತ್ರಿಯಿಲ್ಲ.

ಸಾದಾ ಪಠ್ಯ ಕಡತದ ಮೂಲಕ ಸಾಗಿಸಿದಾಗ ದಿನ ಮತ್ತು ತಿಂಗಳು ಅದಲುಬದಲಾಗುತ್ತವೆ. 5/4/1956 ಭಾರತದ ರೂಢಿಯಲ್ಲಿ ಏಪ್ರಿಲ್ 5, ಅಮೆರಿಕದ ರೂಢಿಗೆ ಹೊಂದಿಸಿದ ಗಣಕದಲ್ಲಿ ಮೇ 4. ವರ್ಷದ 132 ದಿನಗಳು ಹೀಗೆ ಸದ್ದಿಲ್ಲದೆ ಬದಲಾಗಬಲ್ಲವು. ದಿನದ ಅಂಕಿ 12ನ್ನು ಮೀರಿದವು ಅಕ್ಷರಗಳಾಗಿ ಉಳಿಯುವುದರಿಂದ, ಒಂದೇ ಅಂಕಣದಲ್ಲಿ ಕೆಟ್ಟವೂ ಕೆಡದವೂ ಬೆರೆತಿರುತ್ತವೆ. ಕಾವ್ಯಾಧ್ಯಯನವೂ ಇದಕ್ಕೆ ಹೊರತಲ್ಲ: ಪಂಪಭಾರತದ ಮೂರನೆಯ ಆಶ್ವಾಸದ ಹನ್ನೆರಡನೆಯ ಪದ್ಯವನ್ನು 3-12 ಎಂದು ಸೂಚಿಸಿದರೆ ಅದು ಡಿಸೆಂಬರ್ 3 ಆಗಿಬಿಡುತ್ತದೆ.

ವರ್ಷ, ತಿಂಗಳು, ದಿನಗಳಿಗೆ ಪ್ರತ್ಯೇಕ ಅಂಕಣಗಳನ್ನಿಟ್ಟು, ಅವನ್ನು ಸಾದಾ ಸಂಖ್ಯೆಗಳಾಗಿಯೇ ಉಳಿಸುವುದು ಇದ್ದುದರಲ್ಲಿ ಭದ್ರವಾದ ಕ್ರಮ. ಪದ್ಯಸಂಖ್ಯೆಯ ಅಂಕಣವನ್ನು ಬರೆಯುವ ಮೊದಲೇ ಪಠ್ಯವೆಂದು ಗೊತ್ತುಪಡಿಸಬೇಕು. ನಂತರ ಗೊತ್ತುಪಡಿಸಿದರೆ ಕಳೆದುಹೋದ ಮೂಲ ಮರಳಿ ಬಾರದು. ಶಾಸನಗಳ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಕಲ್ಲಿನಲ್ಲಿದ್ದಂತೆಯೇ ಬೇರೊಂದು ಅಂಕಣದಲ್ಲಿ ಬರೆದಿಡಬೇಕು. ಶಕವರ್ಷಕ್ಕೆ 78 ಕೂಡಿಸಬೇಕೋ 79 ಕೂಡಿಸಬೇಕೋ ಎಂಬುದು ತಿಂಗಳನ್ನು ಅವಲಂಬಿಸಿರುವುದರಿಂದ, ಆ ಪರಿವರ್ತನೆಯನ್ನು ವಿದ್ವಾಂಸನೇ ಮಾಡಬೇಕು, ಮಾಡಿದ್ದನ್ನು ಮೂಲದ ಪಕ್ಕದಲ್ಲೇ ತೋರಿಸಬೇಕು.