ಎರಾಸ್ಮಸ್: ಹದಿನೆಂಟು ವರ್ಷಗಳ ಪ್ರಯತ್ನದ ಫಲ

ಮಕ್ಕಳ ವಿದೇಶ ವ್ಯಾಸಂಗದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವುದು ಹಣದ ಪ್ರಶ್ನೆ. ಅಲ್ಲಿ ಕಲಿತದ್ದಕ್ಕೆ ಇಲ್ಲಿ ಮಾನ್ಯತೆ ಉಂಟೇ ಎಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ. ಯುರೋಪಿನ ಎರಾಸ್ಮಸ್ ವಿದ್ಯಾರ್ಥಿ ವಿನಿಮಯ ಯೋಜನೆಯ ಮೂಲವಿರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ರೋಮ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದುತ್ತಿದ್ದ ಸೋಫಿಯಾ ಕೊರಾಡಿ ಅವರು ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. 1958ರಲ್ಲಿ ತಾಯ್ನಾಡಿಗೆ ಮರಳಿದಾಗ ಅವರ ವಿಶ್ವವಿದ್ಯಾನಿಲಯವು ಆ ವ್ಯಾಸಂಗವನ್ನು ಪರಿಗಣಿಸಲು ಒಪ್ಪಲಿಲ್ಲ. ಮುಂದೆ ಇಟಲಿಯ ಕುಲಪತಿಗಳ ಸಮ್ಮೇಳನಕ್ಕೆ ಸಲಹೆಗಾರ್ತಿಯಾದ ಅವರು 1969ರಲ್ಲಿ ಒಂದು ಪ್ರಸ್ತಾವವನ್ನು ಸಿದ್ಧಪಡಿಸಿದರು. ಪೂರ್ವಾನುಮತಿ ಪಡೆದು ವಿದೇಶದಲ್ಲಿ ಮಾಡಿದ ವ್ಯಾಸಂಗವನ್ನು ಸ್ವದೇಶದ ಪದವಿಗೆ ಸೇರಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅಂದಿನಿಂದ ಪತ್ರ, ವರದಿ, ಸಭೆಗಳ ಮೂಲಕ ಅವರು ಈ ವಿಚಾರವನ್ನು ಬಿಡದೆ ಮುಂದಿಟ್ಟರು.

1985ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾಂಕ್ ಬಿಯಾಂಕೇರಿ ಅವರ ನೇತೃತ್ವದಲ್ಲಿ ಸ್ಥಾಪನೆಯಾದ ವಿದ್ಯಾರ್ಥಿ ಸಂಘಟನೆಯೂ ದನಿಗೂಡಿಸಿತು; ಫ್ರಾನ್ಸಿನ ಅಧ್ಯಕ್ಷ ಮಿತರಾಂ ಅವರ ಬೆಂಬಲವನ್ನು ಗಳಿಸಿತು. 1987ರ ಜೂನ್‌ನಲ್ಲಿ ಯೋಜನೆ ಅಂಗೀಕೃತವಾಯಿತು. ಮೊದಲ ವರ್ಷ ಪ್ರಯೋಜನ ಪಡೆದವರು 11 ದೇಶಗಳ 3,244 ವಿದ್ಯಾರ್ಥಿಗಳು. ಈಗ ಆ ಸಂಖ್ಯೆ ಕೋಟಿಯನ್ನು ಮೀರಿದೆ. 'ಎರಾಸ್ಮಸ್ಸಿನ ತಾಯಿ' ಎಂದೇ ಹೆಸರಾದ ಕೊರಾಡಿ ಅವರು 2025ರ ಅಕ್ಟೋಬರ್‌ನಲ್ಲಿ ನಿಧನರಾದರು.

ಯೋಜನೆಯ ಜೀವಾಳ 1989ರಲ್ಲಿ ಆರಂಭವಾದ ಕ್ರೆಡಿಟ್ ವರ್ಗಾವಣೆ ಪದ್ಧತಿ. ಒಂದು ವರ್ಷದ ಪೂರ್ಣಾವಧಿ ವ್ಯಾಸಂಗಕ್ಕೆ 60 ಕ್ರೆಡಿಟ್. ಒಂದು ಶಾಖೆಯಲ್ಲಿ ಕಟ್ಟಿದ ಹಣ ಬೇರೆ ಶಾಖೆಯ ಖಾತೆಗೆ ಜಮೆಯಾಗುವಂತೆ, ಬೇರೆ ದೇಶದಲ್ಲಿ ಗಳಿಸಿದ ಕ್ರೆಡಿಟ್ ತನ್ನ ವಿಶ್ವವಿದ್ಯಾನಿಲಯದಲ್ಲಿ ಜಮೆಯಾಗುತ್ತದೆ. ಭಾರತದಲ್ಲಿಯೂ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಸ್ಥಾಪನೆಯಾಗಿದೆ. ಆದರೆ ಅದು ಮುಖ್ಯವಾಗಿ ದೇಶದೊಳಗಿನ ಸಂಸ್ಥೆಗಳಿಗೆ ಸಂಬಂಧಿಸಿದ್ದು.

ನಮ್ಮ ಮಕ್ಕಳಿಗೂ ಈ ಬಾಗಿಲು ತೆರೆದಿದೆ. 2004ರಲ್ಲಿ ಪ್ರಾರಂಭವಾದ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ಶಿಕ್ಷಣಕ್ಕೆ ಭಾರತೀಯರೂ ಅರ್ಹರು. ಕನಿಷ್ಠ ಎರಡು ದೇಶಗಳಲ್ಲಿ ವ್ಯಾಸಂಗ ನಡೆಯುತ್ತದೆ. 2021-27ರ ಅವಧಿಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ ವಿದ್ಯಾರ್ಥಿವೇತನವುಂಟು, ಶುಲ್ಕವಿಲ್ಲ. ಪದವಿಯ ಕೊನೆಯ ವರ್ಷದಲ್ಲಿರುವವರೂ ಅರ್ಜಿ ಸಲ್ಲಿಸಬಹುದು. ಬಹುತೇಕ ಶಿಕ್ಷಣಕ್ರಮಗಳಿಗೆ ಅಕ್ಟೋಬರ್‌ನಿಂದ ಜನವರಿಯೊಳಗೆ, ಅವನ್ನು ನಡೆಸುವ ವಿಶ್ವವಿದ್ಯಾನಿಲಯಗಳಿಗೇ ನೇರವಾಗಿ ಅರ್ಜಿ ಸಲ್ಲಿಸಬೇಕು.

ಮಾನ್ಯತೆಯ ವಿಚಾರವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಉಚಿತ. ವಿದೇಶಿ ಪದವಿಗಳ ತತ್ಸಮಾನತೆಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2025ರ ಏಪ್ರಿಲ್‌ನಲ್ಲಿ ನಿಯಮಾವಳಿ ಹೊರಡಿಸಿದೆ. ವೈದ್ಯಕೀಯ, ಕಾನೂನು ಮೊದಲಾದ ವೃತ್ತಿಪರ ಪದವಿಗಳು ಇದರ ವ್ಯಾಪ್ತಿಗೆ ಸೇರಿಲ್ಲ. ಅವುಗಳಿಗೆ ಆಯಾ ಪರಿಷತ್ತುಗಳ ನಿಯಮವೇ ಅನ್ವಯ.

ಮನೆಯನ್ನು ಅಡವಿಟ್ಟು ಸಾಲ ಪಡೆಯುವುದೊಂದೇ ದಾರಿಯೆಂದು ಭಾವಿಸಿ ಎಷ್ಟೋ ಕುಟುಂಬಗಳು ಪ್ರತಿಭಾವಂತ ಮಕ್ಕಳನ್ನು ತಡೆಯುತ್ತವೆ. ಪ್ರತಿವರ್ಷ ಪ್ರತಿಭಾ ಪುರಸ್ಕಾರ ನೀಡುವ ನಮ್ಮ ಸಂಘಗಳು ಅದೇ ವೇದಿಕೆಯಲ್ಲಿ ಇಂತಹ ಮಾಹಿತಿಯನ್ನೂ ಒದಗಿಸಿದರೆ, ಅರ್ಜಿ ಸಲ್ಲಿಸುವ ಧೈರ್ಯವಾದರೂ ಆ ಮಕ್ಕಳಿಗೆ ದೊರೆತೀತು.