ಕರವೂ ಸಮ್ಮತಿಯೂ

ಶಲವಡಿಯ ಎರೆಹೊಲಗಳಿಗೂ ಮುನ್ನೂರು ವರುಷಗಳ ಹಿಂದೆ ಇಂಗ್ಲಂಡಿನಲ್ಲಿ ಹುಟ್ಟಿದ ತತ್ವಗ್ರಂಥಗಳಿಗೂ ಏನು ನಂಟು ಎಂದು ಓದುಗರು ಆಶ್ಚರ್ಯಪಟ್ಟಾರು. ನಂಟು ಉಂಟು, ಅದು ಕರದ ನಂಟು. ಪ್ರಜೆಯ ಗಂಟಿಗೆ ಕೈಹಾಕುವ ಅಧಿಕಾರ ರಾಜ್ಯಕ್ಕೆ ಎಲ್ಲಿಂದ ಬಂತು? ಪಶ್ಚಿಮದ ಆಧುನಿಕ ರಾಜ್ಯವಿಚಾರದ ಒಂದು ಮುಖ್ಯ ಕವಲು ಬೆಳೆದುದು ಈ ಪ್ರಶ್ನೆಯಿಂದಲೇ.

ಇಂಗ್ಲಂಡಿನ ಮೊದಲನೆಯ ಚಾರ್ಲ್ಸ್ ದೊರೆ ಪಾರ್ಲಿಮೆಂಟನ್ನು ಕೇಳದೆ ಹಡಗಿನ ಕರವನ್ನು ಎತ್ತಿದಾಗ, ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರನು ಕೊಡಲೊಲ್ಲೆನೆಂದನು. ವ್ಯಾಜ್ಯದಲ್ಲಿ ಅವನಿಗೆ ಸೋಲಾಯಿತು. ಆದರೆ ಮುಂದೆ ಅಂತರ್ಯುದ್ಧವೇ ನಡೆದು, 1649ರಲ್ಲಿ ದೊರೆಯ ತಲೆ ಉರುಳಿತು. ಆ ಕೋಲಾಹಲವನ್ನು ಕಂಡ ಥಾಮಸ್ ಹಾಬ್ಸನು 1651ರಲ್ಲಿ ‘ಲೆವಿಯಥನ್’ ಬರೆದು, ಜೀವಭಯದಿಂದ ಪಾರಾಗಲು ಜನರು ಅಧಿಕಾರವನ್ನೆಲ್ಲ ಒಬ್ಬನಿಗೆ ಒಪ್ಪಿಸಿದ ಮೇಲೆ ಅವನೊಡನೆ ವಾದ ಸಲ್ಲದು ಎಂದನು. ಜಾನ್ ಲಾಕನು ಇದನ್ನು ಒಪ್ಪಲಿಲ್ಲ. 1689ರಲ್ಲಿ, ಹೆಸರು ಹಾಕದೆಯೇ, ಅವನು ಹೊರತಂದ ಗ್ರಂಥದ ಪ್ರಕಾರ ಜನ ರಾಜ್ಯ ಕಟ್ಟಿಕೊಂಡದ್ದೇ ತಮ್ಮ ಸ್ವತ್ತಿನ ರಕ್ಷಣೆಗಾಗಿ. ಆದುದರಿಂದ ಅವರ, ಇಲ್ಲವೆ ಅವರ ಪ್ರತಿನಿಧಿಗಳ, ಸಮ್ಮತಿಯಿಲ್ಲದೆ ಕರ ಎತ್ತಲಾಗದು.

ಈಗ ನಮ್ಮ ಸೀಮೆಗೆ ಬರೋಣ. ಹತ್ತಿ, ಜೋಳ, ಗೋದಿಯ ಮಳೆಯಾಶ್ರಿತ ಬೇಸಾಯದ ನವಲಗುಂದದ ಎರೆನೆಲಕ್ಕೆ, ಸವದತ್ತಿಯ ಹತ್ತಿರದ ನವಿಲುತೀರ್ಥದ ಆಣೆಕಟ್ಟಿನಿಂದ 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆಗಳು ಬಂದವು. ನೀರು ಬಂದರೆ ಹೊಲದ ಬೆಲೆ ಏರುತ್ತದೆ. ಏರಿದುದರಲ್ಲಿ ಪಾಲು ಕೊಡಿರೆಂದು ಸರಕಾರ ಅಭಿವೃದ್ಧಿ ಕರವನ್ನು ಕೇಳಿತು. ಕಾಲುವೆ ಕಟ್ಟಲು ಹಣ ಬೇಕಷ್ಟೆ, ಕೇಳಿದ್ದು ತೀರ ಅನ್ಯಾಯವೆನ್ನಲಾಗದು. ಆದರೆ ಎಷ್ಟೋ ಹೊಲಗಳಿಗೆ ನೀರು ಮುಟ್ಟಿರಲಿಲ್ಲ, ಕೆಲವೆಡೆ ನೀರು ನಿಂತು ನೆಲ ಜವುಗಾಯಿತು. ನೀರು ಕಾಣದವನಿಗೂ ಕರದ ನೋಟೀಸು ಮಾತ್ರ ತಪ್ಪಲಿಲ್ಲ.

ರೈತನ ಸಮ್ಮತಿ ಇತ್ತೆ? ಕಾಗದದ ಮೇಲೆ ಇತ್ತು. ಈ ಕರಕ್ಕೆ ಆಧಾರವಾದ ಕಾಯಿದೆಯನ್ನು ವಿಧಾನಮಂಡಲವು 1957ರಲ್ಲಿಯೇ, ಕಾಲುವೆಗೆ ನೀರು ಬರುವ ಎಷ್ಟೋ ಮೊದಲು, ಮಾಡಿತ್ತು. ಕಾಯಿದೆಯ ಬಲವಿಲ್ಲದೆ ಕರ ಎತ್ತಕೂಡದೆಂಬ ನಮ್ಮ ಸಂವಿಧಾನದ 265ನೆಯ ಅನುಚ್ಛೇದದಲ್ಲಿ ಲಾಕನ ಮಾತಿನ ಧ್ವನಿಯೇ ಕೇಳಿಬರುತ್ತದೆ. ಆ ಕಟ್ಟಳೆಗೂ ಇಲ್ಲಿ ಭಂಗವಿರಲಿಲ್ಲ. ಲಾಕನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ರಾಜ್ಯದ ಹೆದ್ದಾರಿಯಲ್ಲಿ ನಡೆದುಹೋಗುವವನು ಕೂಡ ಅದರ ಆಳಿಕೆಗೆ ಮೌನಸಮ್ಮತಿ ಕೊಟ್ಟಂತೆಯೇ ಎಂದಿದ್ದಾನೆ.

ಇದಕ್ಕೆ ಡೇವಿಡ್ ಹ್ಯೂಮನು 1748ರಲ್ಲಿ ಕೊಟ್ಟ ಉತ್ತರ ಸೊಗಸಾಗಿದೆ. ನಿದ್ದೆಯಲ್ಲಿದ್ದವನನ್ನು ಹೊತ್ತು ಹಡಗಿಗೆ ಹಾಕಿ, ಅದು ನಡುಗಡಲಿಗೆ ಹೋದ ಮೇಲೆ, ಇಲ್ಲಿರುವುದರಿಂದಲೇ ನೀನು ನಾಯಕನ ಆಜ್ಞೆಗೆ ಒಪ್ಪಿದೆ ಎಂದರೆ ಹೇಗೆ? ಬೇಡವಾದರೆ ಅವನು ಸಮುದ್ರಕ್ಕೆ ಹಾರಬೇಕು! ಬದುವಿನ ಪಕ್ಕದಲ್ಲಿ ಕಾಲುವೆ ಹಾದುಹೋದ ರೈತನ ಪಾಡೂ ಅದೇ. ಅವನು ಹೊಲವನ್ನು ಹೆಗಲಿಗೇರಿಸಿಕೊಂಡು ಬೇರೆ ಊರಿಗೆ ಹೋಗಲಾರ. ಲಾಕನಿಗಿಂತ ಹ್ಯೂಮನೇ ಒಕ್ಕಲುತನವನ್ನು ಹೆಚ್ಚು ಬಲ್ಲವನಂತೆ ನನಗೆ ತೋರುತ್ತದೆ.

1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಸಾವಿರಾರು ರೈತರು ಸರಕಾರಿ ಕಚೇರಿಗಳ ಮುಂದೆ ಕೂಡಿದರು. ಗೋಳೀಬಾರು ನಡೆದು ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಮಡಿದರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕು ಪೋಲೀಸರೂ ಸತ್ತರು. ಅದನ್ನು ಮರೆಮಾಚಿ ಹೇಳುವುದು ಸರಿಯಲ್ಲ. ಚಳುವಳಿ ನಾಡೆಲ್ಲ ಹಬ್ಬಿತು. ಅದೇ ವರುಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು.

ಫ್ರಾನ್ಸಿನಲ್ಲಿ ಬಾಳಿದ ರೂಸೋ 1762ರಲ್ಲಿ ಇಂಗ್ಲಿಷರನ್ನು ಹಾಸ್ಯಮಾಡಿದ್ದನು: ಅವರು ಸ್ವತಂತ್ರರಾಗಿರುವುದು ಪ್ರತಿನಿಧಿಗಳನ್ನು ಆರಿಸುವ ಹೊತ್ತಿನಲ್ಲಿ ಮಾತ್ರ, ಆಮೇಲೆ ಮತ್ತೆ ದಾಸರು ಎಂದು. ನಮ್ಮವರಿಗೆ ಆ ಹೊತ್ತು ಒದಗಿದ್ದು 1983ರ ಜನವರಿಯಲ್ಲಿ. ಆ ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಬಿದ್ದು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಆ ಫಲಿತಾಂಶಕ್ಕೆ ಕಾರಣಗಳು ಹಲವಿದ್ದರೂ, ಅವುಗಳಲ್ಲಿ ನವಲಗುಂದದ ಆ ಸೋಮವಾರವೂ ಒಂದು.