ಆನ್‌ಲೈನ್ ಅರ್ಜಿ: ತಾಲ್ಲೂಕಿನ ಆಯ್ಕೆ ಏಕೆ ಮುಖ್ಯ?

ಸೇವಾ ಸಿಂಧು ಪೋರ್ಟಲ್ ಎನ್.ಐ.ಸಿ.ಯ ಸರ್ವೀಸ್‌ಪ್ಲಸ್ ತಂತ್ರಾಂಶದ ಮೇಲೆ ರೂಪುಗೊಂಡಿದೆ. ಇದರಲ್ಲಿ ಪ್ರತಿ ಸೇವೆಗೂ ಪ್ರತ್ಯೇಕ ತಂತ್ರಾಂಶ ಬರೆಯಬೇಕಾಗಿಲ್ಲ. ನಮೂನೆ, ಶುಲ್ಕ, ಲಗತ್ತಿಸಬೇಕಾದ ದಾಖಲೆ, ಅರ್ಜಿ ತಲುಪಬೇಕಾದ ಕಚೇರಿ ಇವುಗಳನ್ನು ಸಂರಚನೆ, ಅಂದರೆ ಕಾನ್ಫಿಗರೇಶನ್, ಎಂದು ಬೇರೆಯಾಗಿ ದಾಖಲಿಸಲಾಗಿರುತ್ತದೆ. ಕಚೇರಿಗೆ ಸುತ್ತೋಲೆ ಹೇಗೋ ತಂತ್ರಾಂಶಕ್ಕೆ ಇದು ಹಾಗೆ.

2017-18ರ ಆಯವ್ಯಯದ ಘೋಷಣೆಯಂತೆ ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಪ್ರತ್ಯೇಕ ತಾಲ್ಲೂಕುಗಳಾದವು. ಇಂತಹ ಸಂದರ್ಭದಲ್ಲಿ ಬದಲಾಯಿಸಬೇಕಾದುದು ಸಂರಚನೆಯನ್ನೇ ಹೊರತು ತಂತ್ರಾಂಶವನ್ನಲ್ಲ.

ವಾಸಸ್ಥಳವನ್ನು ಆಧರಿಸಿದ ಸೇವೆಗಳಲ್ಲಿ ಅರ್ಜಿದಾರರು ಆಯ್ಕೆ ಮಾಡಿದ ತಾಲ್ಲೂಕಿನ ಕಚೇರಿಗೇ ಅರ್ಜಿ ರವಾನೆಯಾಗುತ್ತದೆ. ಗಣಕಯಂತ್ರವು ಊರನ್ನು ಊಹಿಸುವುದಿಲ್ಲ. ಮುನಿರಾಬಾದ್ ನಿವಾಸಿಗಳಿಗೆ ಹೊಸಪೇಟೆ ಹತ್ತಿರವಾದರೂ ಅದು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅವರು ಕೊಪ್ಪಳ ಜಿಲ್ಲೆ, ಕೊಪ್ಪಳ ತಾಲ್ಲೂಕು ಎಂದೇ ಆಯ್ಕೆ ಮಾಡತಕ್ಕದ್ದು.